ತೆಂಗಿನ ಕಪ್ಪುತಲೆ ಹುಳುವಿಗೆ ಕಣಜ: ಮನೆಯಲ್ಲೇ ಸಾಕಬಹುದಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ತೋಟ. ನೂರು ತೆಂಗು, ಸ್ವಲ್ಪ ಅಡಿಕೆ, ಗುಡ್ಡದ ಬದಿಗೆ ಗೇರು. ಕಳೆದ ಬೇಸಗೆಯಲ್ಲಿ ತೆಂಗಿನ ಕೆಳಗಿನ ಮಡಲುಗಳೆಲ್ಲ ಬೆಂಕಿ ತಾಗಿದ ಹಾಗೆ ಒಣಗಿದವು. ಕೃಷಿ ಭವನದಲ್ಲಿ ಕೇಳಿದಾಗ ‘ತೆಂಙೋಲಪ್ಪುಳು’ (ಕಪ್ಪುತಲೆ ಹುಳುವಿನ ಮಲಯಾಳ ಹೆಸರು), ಪರಾವಲಂಬಿ ಕಣಜ ಬಿಟ್ಟರೆ ಒಳ್ಳೆಯದು ಅಂದರು. ನಮ್ಮ ಕುಟುಂಬಶ್ರೀ (ಮಹಿಳಾ ಸ್ವಸಹಾಯ) ಗುಂಪಿನವರು ಸೇರಿ ಆ ಕಣಜವನ್ನು ಮನೆಯಲ್ಲೇ ಸಾಕಬಹುದಾ? ಮಕ್ಕಳಿಗೆ ಕಚ್ಚುತ್ತದಾ? ತುಡುವೆ ಜೇನಿನ ಪೆಟ್ಟಿಗೆಗಳಿವೆ, ಅವಕ್ಕೆ ತೊಂದರೆ ಇದೆಯಾ? ಗೇರಿನ ಟೀ ಸೊಳ್ಳೆಗೂ ಇದೇ ಕಣಜ ಆಗುತ್ತದಾ? ಸಾಕಿ ಮಾರಿದರೆ ಗುಂಪಿಗೆ ಆದಾಯ ಬರಬಹುದಾ?

ಉತ್ತರ: ಸಾಕಬಹುದು. ಒಂದು ಸಣ್ಣ ಕೋಣೆ, ಕೆಲವು ಬೋಗುಣಿ, ಗಾಜಿನ ನಳಿಕೆ, ದಿನಾ ಒಂದೆರಡು ಗಂಟೆ ಕೆಲಸ ಮಾಡುವ ಇಬ್ಬರು ಮೂವರು ಇದ್ದರೆ ಸಾಕು. ಆದರೆ ಕಣಜ ಸಾಕುವುದು ಈ ಕೆಲಸದಲ್ಲಿ ಸುಲಭದ ಭಾಗ. ಕಷ್ಟ ಇರುವುದು ಎರಡು ಕಡೆ: ಕಣಜಕ್ಕೆ ತಿನ್ನಿಸುವ ಅಕ್ಕಿ ಪತಂಗದ ಹುಳುವನ್ನು ಶುಚಿಯಾಗಿ ಬೆಳೆಸುವುದು, ಮತ್ತು ಮರದ ಮೇಲಿನ ಹುಳು ಯಾವ ಹಂತದಲ್ಲಿದೆ ಎಂದು ನೋಡಿ ಅದೇ ಹೊತ್ತಿಗೆ ಕಣಜ ತಯಾರು ಮಾಡುವುದು. ಎರಡನೆಯದನ್ನು ತುಂಬಾ ಮಂದಿ ಬಿಟ್ಟೇಬಿಡುತ್ತಾರೆ. ಆಮೇಲೆ ಕಣಜ ಬಿಟ್ಟರೂ ಪ್ರಯೋಜನ ಆಗಲಿಲ್ಲ ಅನ್ನುತ್ತಾರೆ.

ಮೊದಲು ಮಡಲು ನೋಡಿ. ಒಣಗಿದ ಮಡಲನ್ನಲ್ಲ, ಅದರ ಮೇಲಿನ, ಅರ್ಧ ಹಸಿರು ಇರುವ ಮಡಲಿನ ಒಂದೆರಡು ಗರಿಯನ್ನು ಕೊಯ್ದು ಮಗುಚಿ ಹಿಡಿಯಿರಿ. ಕಪ್ಪುತಲೆ ಹುಳುವಾದರೆ ಗರಿಯ ಅಡಿಯಲ್ಲಿ, ನಡು ಕಡ್ಡಿಯ ಪಕ್ಕಕ್ಕೆ, ಹಿಕ್ಕೆ ಮತ್ತು ನೂಲು ಸೇರಿಸಿ ಕಟ್ಟಿದ ಕಂದು ಬಣ್ಣದ ಸುರಂಗ ಕಾಣುತ್ತದೆ. ಉಗುರಿನಿಂದ ಮೆಲ್ಲಗೆ ಬಿಡಿಸಿದರೆ ಒಳಗೆ ಹಸಿರು ಮೈ, ಉದ್ದಕ್ಕೆ ಕಂದು ಗೀಟು, ಕಪ್ಪು ತಲೆ ಇರುವ ಹುಳು ಹಿಂದೆ ಹಿಂದೆ ಸರಿಯುತ್ತದೆ. ಅದು ಗರಿಯ ಅಡಿಯ ಹಸಿರನ್ನು ಕೆರೆದು ತಿಂದು ಮೇಲಿನ ಪೊರೆ ಮಾತ್ರ ಬಿಡುತ್ತದೆ. ಬೆಂಕಿ ತಾಗಿದ ಹಾಗೆ ಕಾಣುವುದು ಅದಕ್ಕೇ.

ಅದು ಬಿಟ್ಟು ಗರಿಯ ಅಡಿಯಲ್ಲಿ ಬಿಳಿ ಮೇಣದ ಸುರುಳಿ ಸುರುಳಿ ಗೆರೆ, ಕೆಳಗಿನ ಗರಿಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು ಇದ್ದರೆ ಅದು ಬಿಳಿ ನೊಣ. 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡು ಕಡೆ ಮೊದಲು ಕಂಡ ಸುರುಳಿ ಬಿಳಿ ನೊಣ ಈಗ ನಮ್ಮಲ್ಲೂ ಇದೆ. ಅದಕ್ಕೆ ಬೇರೆಯೇ ಕಣಜ, ಎನ್ಕಾರ್ಸಿಯಾ. ಅದನ್ನು ಸಾಕುವ ಕೆಲಸವೇ ಇಲ್ಲ. ಔಷಧಿ ಹೊಡೆಯದೆ ಬಿಟ್ಟರೆ ತಾನಾಗಿಯೇ ಬರುತ್ತದೆ. ಬಾರದಿದ್ದರೆ, ಅದು ಇರುವ ತೋಟದಿಂದ ಕಪ್ಪಾದ ಮರಿಗಳಿರುವ ಗರಿಯ ತುಂಡು ತಂದು ನಿಮ್ಮ ಮರಕ್ಕೆ ಕಟ್ಟಿದರಾಯಿತು.

ನಿಮ್ಮ ವಿವರಣೆ ನೋಡಿದರೆ ಕಪ್ಪುತಲೆ ಹುಳುವೇ ಇರಬೇಕು. ಅದಕ್ಕೆ ಸಾಕಬೇಕಾದ ಕಣಜದ ಹೆಸರು ಗೋನಿಯೋಜಸ್ ನೆಫಾಂಟಿಡಿಸ್. ನಾವು ಸುಮ್ನೆ ಗೋನಿಯೋಜಸ್ ಅನ್ನುತ್ತೇವೆ.

ಇದನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಬೇಕು ನೀವು. ನೋಡಲು ಸಣ್ಣ ಕಪ್ಪಿರುವೆಯ ಹಾಗೆ. ಹಾರುವುದು ಕಡಿಮೆ, ಓಡುವುದೇ ಜಾಸ್ತಿ. ಚಪ್ಪಟೆ ಮೈ ಆದ್ದರಿಂದ ಹುಳುವಿನ ಸುರಂಗದೊಳಗೆ ನುಗ್ಗುತ್ತದೆ. ನಳಿಕೆಯಲ್ಲಿ ಹುಳುವಿನ ಜೊತೆ ಬಿಟ್ಟರೆ ಮೊದಲು ಮೀಸೆಯಿಂದ ಮುಟ್ಟಿ ಮುಟ್ಟಿ ನೋಡುತ್ತದೆ. ಆಮೇಲೆ ಹುಳುವಿನ ಮೈಮೇಲೆ ಏರಿ ಕಚ್ಚಿ ಹಿಡಿದು, ಬಾಲ ಬಗ್ಗಿಸಿ ಕುಟುಕುತ್ತದೆ. ಹುಳು ಒದ್ದಾಡುತ್ತದೆ, ತಿರುಚುತ್ತದೆ, ಕಣಜವನ್ನು ಎಸೆಯಲು ನೋಡುತ್ತದೆ. ಕಣಜ ಬಿಡುವುದಿಲ್ಲ. ಸ್ವಲ್ಪ ಹೊತ್ತಿಗೆ ಹುಳು ಸತ್ತ ಹಾಗೆ ಬಿದ್ದಿರುತ್ತದೆ, ಆದರೆ ಜೀವ ಇರುತ್ತದೆ, ಕೊಳೆಯುವುದಿಲ್ಲ. ಅದರ ಮೈಮೇಲೆ ಹೆಣ್ಣು ಕಣಜ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಹತ್ತರ ಆಚೀಚೆ. ಇಟ್ಟು ಹೋಗಿಬಿಡುವುದಿಲ್ಲ, ಮರಿಗಳು ಹುಳುವನ್ನು ಹೀರಿ ಮುಗಿಸಿ ಗೂಡು ಕಟ್ಟುವ ತನಕ ಅಲ್ಲೇ ಕಾವಲು ಇರುತ್ತದೆ. ಕೀಟಗಳಲ್ಲಿ ಇಷ್ಟು ಹತ್ತಿರದಿಂದ ಮರಿಗಳನ್ನು ಕಾಯುವ ತಾಯಿ ಅಪರೂಪ. ಮೊಟ್ಟೆಯಿಂದ ಹೊಸ ಕಣಜ ಹೊರಬರಲು ಸುಮಾರು ಎರಡು ವಾರ ಸಾಕು.

ಈಗ ಪತಂಗದ ವಿಷಯ. ಕಣಜ ಬೆಳೆಸಲು ತೋಟದ ಕಪ್ಪುತಲೆ ಹುಳುವೇ ದಿನಾ ಎಲ್ಲಿಂದ ತರುವುದು? ಅದಕ್ಕೆ ಅಕ್ಕಿ ಪತಂಗದ, ಅಂದರೆ ಕಾರ್ಸೈರಾದ ಹುಳು ಬಳಸುತ್ತೇವೆ. ಹಳೇ ಅಕ್ಕಿ, ರವೆಯಲ್ಲಿ ಬಲೆ ಕಟ್ಟಿ ಗಂಟು ಗಂಟು ಮಾಡುತ್ತದಲ್ಲ, ಅದೇ. ಮನೆಯವರೆಲ್ಲ ಓಡಿಸುವ ಹುಳುವನ್ನು ನೀವು ಬೇಕೆಂದೇ ಸಾಕಬೇಕು. ಆದ್ದರಿಂದ ಆ ಕೋಣೆ ಅಡುಗೆ ಮನೆಯಿಂದ, ಅಕ್ಕಿ ಇಡುವ ಜಾಗದಿಂದ ದೂರ ಇರಲಿ.

ಅಗಲ ಬಾಯಿಯ ಪ್ಲಾಸ್ಟಿಕ್ ಬೋಗುಣಿ ತೆಗೆದುಕೊಳ್ಳಿ. 2.5 ಕಿಲೋ ಸಜ್ಜೆ ನುಚ್ಚು, 100 ಗ್ರಾಂ ನೆಲಗಡಲೆ ಪುಡಿ, 5 ಗ್ರಾಂ ಯೀಸ್ಟ್, 5 ಗ್ರಾಂ ‘ವೆಟ್ಟೆಬಲ್ ಸಲ್ಫರ್’ ಅನ್ನುವ ಗಂಧಕದ ಪುಡಿ. ಇದು ಒಂದು ಬೋಗುಣಿಯ ಲೆಕ್ಕ. ಸಜ್ಜೆ ನಮ್ಮ ಕಡೆ ಬೆಳೆಯುವುದಿಲ್ಲ, ಅಂಗಡಿಯಿಂದಲೇ ತರಬೇಕು. ಜೋಳವೂ ಆಗುತ್ತದೆ. ಅಕ್ಕಿ ನುಚ್ಚಿನಲ್ಲಿಯೂ ಹುಳು ಬದುಕುತ್ತದೆ, ಆದರೆ ಸಜ್ಜೆಯಲ್ಲಿ ಬೆಳೆದದ್ದು ಹೆಚ್ಚು ಪುಷ್ಟಿಯಾಗಿರುತ್ತದೆ. ಹುಳು ದಪ್ಪ ಇದ್ದಷ್ಟು ಕಣಜ ಜಾಸ್ತಿ ಮೊಟ್ಟೆ ಇಡುತ್ತದೆ. ಇಲ್ಲಿ ಜಿಪುಣತನ ಮಾಡಬೇಡಿ.

ಧಾನ್ಯವನ್ನು ಬೋಗುಣಿಗೆ ಹಾಕುವ ಮೊದಲು ಚೆನ್ನಾಗಿ ಬಿಸಿ ಮಾಡಬೇಕು. ಪ್ರಯೋಗಾಲಯದಲ್ಲಿ 100 ಡಿಗ್ರಿಯ ಓವನಿನಲ್ಲಿ ಒಂದು ಗಂಟೆ ಇಡುತ್ತೇವೆ. ಮನೆಯಲ್ಲಾದರೆ ದೊಡ್ಡ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಸೀದು ಹೋಗದ ಹಾಗೆ ಬಿಸಿ ಮಾಡಿ, ಶುಚಿಯಾದ ಬಟ್ಟೆ ಮುಚ್ಚಿ ಆರಿಸಿ. ಅಂಗಡಿಯ ಧಾನ್ಯದಲ್ಲಿ ಕೆಂಪು ಹಿಟ್ಟಿನ ಹುಳು, ನುಸಿ, ಕೆಲವೊಮ್ಮೆ ಬೇರೆ ಕಣಜಗಳೂ ಇರುತ್ತವೆ. ಅವು ಉಳಿದರೆ ಬೋಗುಣಿ ಎರಡೇ ವಾರದಲ್ಲಿ ಹಾಳಾಗುತ್ತದೆ. ಗಂಧಕ ಹಾಕುವುದೂ ನುಸಿಗಾಗಿಯೇ.

ಆರಿದ ಮೇಲೆ ಅರ್ಧ ಸಿಸಿ (ಅರ್ಧ ಮಿಲಿಲೀಟರ್) ಪತಂಗದ ಮೊಟ್ಟೆ ಮೇಲೆ ಉದುರಿಸಿ ಕಲಸಿ. ಒಂದು ಸಿಸಿ ಅಂದರೆ 16,000ದಿಂದ 18,000 ಮೊಟ್ಟೆ, ಹಾಗಾಗಿ ಅರ್ಧ ಸಿಸಿ ಧಾರಾಳ. ಬಾಯಿಗೆ ದಪ್ಪ ಬಟ್ಟೆ ಕಟ್ಟಿ, ದಿನಾಂಕ ಬರೆದು ಇಡಿ. ಕಪಾಟಿನ ನಾಲ್ಕೂ ಕಾಲು ನೀರಿನ ತಟ್ಟೆಯಲ್ಲಿರಲಿ. ನಮ್ಮೂರಿನ ಇರುವೆ ಒಂದು ರಾತ್ರಿಯಲ್ಲಿ ಬೋಗುಣಿ ಖಾಲಿ ಮಾಡುತ್ತದೆ. ಹಲ್ಲಿ ಒಳಗೆ ಬಾರದ ಹಾಗೆ ಕಿಟಕಿಗೆ ಜಾಲರಿ ಹಾಕಿ.

ಒಂದು ತಿಂಗಳು ದಾಟಿದಾಗ ಧಾನ್ಯವೆಲ್ಲ ನೂಲಿನಿಂದ ಹೆಣೆದು ಗಟ್ಟಿಯಾಗುತ್ತದೆ. ಆಗ ಬಿಡಿಸಿದರೆ ಬಲಿತ ಹುಳು ಸಿಗುತ್ತವೆ. ಕಣಜಕ್ಕೆ ಬೇಕಾದ್ದು ಅವೇ. ಎಲ್ಲವನ್ನೂ ಆರಿಸಬೇಡಿ. ಒಂದು ಪಾಲನ್ನು ಹಾಗೇ ಬಿಟ್ಟರೆ 40–45 ದಿನದಿಂದ ಪತಂಗ ಹೊರಡಲು ಸುರುವಾಗುತ್ತದೆ, ಮುಂದಿನ ಬೋಗುಣಿಗೆ ಮೊಟ್ಟೆ ಅವುಗಳಿಂದ. ಪತಂಗ ಹಿಡಿಯುವಾಗ ಮೂಗಿಗೆ ಮಾಸ್ಕ್ ಕಡ್ಡಾಯ. ರೆಕ್ಕೆಯ ಪುಡಿ ಗಾಳಿಯಲ್ಲಿ ತೇಲುತ್ತದೆ. ಕಣ್ಣಿಗೆ ಕಾಣದಿದ್ದರೂ ವರ್ಷಗಟ್ಟಲೆ ಒಳಗೆ ಹೋದರೆ ಸೀನು, ದಮ್ಮು ಹಿಡಿಸುತ್ತದೆ. ಗುಂಪಿನಲ್ಲಿ ಉಬ್ಬಸ ಇರುವವರಿದ್ದರೆ ದಯವಿಟ್ಟು ಅವರಿಗೆ ಈ ಕೆಲಸ ಕೊಡಬೇಡಿ.

ಕಣಜದ ಕೆಲಸ ಇದಕ್ಕಿಂತ ಹಗುರ. ಬೆರಳುದ್ದದ ಗಾಜಿನ ನಳಿಕೆ. ಒಂದರಲ್ಲಿ ಒಂದು ಬಲಿತ ಕಾರ್ಸೈರಾ ಹುಳು, ಗಂಡಿನ ಜೊತೆ ಕೂಡಿದ ಒಂದು ಹೆಣ್ಣು ಕಣಜ, ಬಾಯಿಗೆ ಹತ್ತಿ. ಜೇನನ್ನು ಅರ್ಧಕ್ಕರ್ಧ ನೀರು ಬೆರೆಸಿ, ಹತ್ತಿಯ ಎಳೆಯಲ್ಲಿ ಅದ್ದಿ ನಳಿಕೆಯೊಳಗೆ ಇಡಿ. ಜಾಸ್ತಿ ಬೇಡ, ಹನಿ ಹರಿದರೆ ಕಣಜ ಅದರಲ್ಲೇ ಅಂಟಿ ಸಾಯುತ್ತದೆ. ನಿಮ್ಮ ಮನೆಯಲ್ಲೇ ಜೇನು ಇರುವುದು ಒಳ್ಳೆಯದೇ ಆಯಿತು.

ಎರಡು ವಿಷಯ ಇಲ್ಲಿ ನೆನಪಿರಲಿ. ಹೊರಬಂದ ಹೆಣ್ಣು ಕಣಜ ಕೂಡಲೇ ಮೊಟ್ಟೆ ಇಡುವುದಿಲ್ಲ, ನಾಲ್ಕೈದು ದಿನ ಬೇಕು. ಆ ದಿನಗಳಲ್ಲಿ ಗಂಡುಗಳ ಜೊತೆಯೇ ಇರಲಿ, ಜೇನು ಕುಡಿದುಕೊಂಡಿರಲಿ. ಇನ್ನೊಂದು, ಕೂಡದ ಹೆಣ್ಣು ಕೂಡ ಮೊಟ್ಟೆ ಇಡುತ್ತದೆ, ಆದರೆ ಅದರಿಂದ ಬರುವುದೆಲ್ಲ ಗಂಡು. ಗಂಡು ಕಣಜ ಹುಳುವನ್ನು ಕುಟುಕುವುದಿಲ್ಲ. ಸಾಮಾನ್ಯವಾಗಿ ಒಂದು ಗೂಡಿನ ಗುಂಪಿನಲ್ಲಿ ಬಹುಪಾಲು ಹೆಣ್ಣೇ ಇರಬೇಕು. ನಳಿಕೆಗಳಲ್ಲಿ ಗಂಡು ಹೆಚ್ಚಾಗುತ್ತಿದ್ದರೆ ಸಂತಾನ ಸೊರಗುತ್ತಿದೆ ಎಂದು ತಿಳಿಯಿರಿ. ಆಗ ಹೊಸ ಕಣಜ ತರಬೇಕು, ಅಥವಾ ತೋಟದಿಂದ ಕಪ್ಪುತಲೆ ಹುಳುವನ್ನೇ ಆರಿಸಿ ತಂದು ಒಂದೆರಡು ತಲೆಮಾರು ಅದರ ಮೇಲೆ ಬೆಳೆಸಬೇಕು. ಕಾರ್ಸೈರಾ ಮಾತ್ರ ತಿಂದು ಬೆಳೆದ ಕಣಜ, ಮರದ ಮೇಲೆ ಹುಳು ಹುಡುಕುವುದರಲ್ಲಿ ಹಿಂದೆ ಬೀಳುತ್ತದೆ.

ಬ್ರೇಕಾನ್ ಅಂತ ಇನ್ನೊಂದು ಕಣಜದ ಹೆಸರು ನೀವು ಕೇಳುತ್ತೀರಿ. ಅದೂ ಕಪ್ಪುತಲೆ ಹುಳುವಿಗೆ ಒಳ್ಳೆಯದೇ, ಬೆಳೆಸುವುದೂ ಸುಲಭ. ಎರಡು ಬಟ್ಟೆಯ ನಡುವೆ ಹುಳು ಇಟ್ಟು ಜಾಡಿಯ ಬಾಯಿಗೆ ಬಿಗಿದರೆ ಬಟ್ಟೆಯ ಮೂಲಕವೇ ಕುಟುಕಿ ಮೊಟ್ಟೆ ಇಡುತ್ತದೆ. ಆದರೆ ಸುರುವಿನಲ್ಲಿ ನಿಮಗೆ ಅದು ಬೇಡ. ಬ್ರೇಕಾನ್ ತಪ್ಪಿಸಿಕೊಂಡು ಪತಂಗದ ಬೋಗುಣಿಗೆ ಹೊಕ್ಕರೆ ಅಲ್ಲಿನ ಹುಳುವನ್ನೆಲ್ಲ ಮುಗಿಸುತ್ತದೆ. ಪತಂಗಕ್ಕೆ ಒಂದು ಮನೆ, ಬ್ರೇಕಾನಿಗೆ ಬೇರೆ ಮನೆ ಅಂತ ಮಾಡಿಕೊಳ್ಳಲು ಆಗುವುದಾದರೆ ಮುಂದಿನ ವರ್ಷ ನೋಡಿ.

ಇನ್ನು ಎಷ್ಟು ಬೇಕು ಎಂಬ ಲೆಕ್ಕ. ಕಾಸರಗೋಡಿನ ಸಿಪಿಸಿಆರ್‌ಐಯ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು ಒಂದು ಮರಕ್ಕೆ 20 ಗೋನಿಯೋಜಸ್. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೆಕ್ಟೇರಿಗೆ 3,000 ಅನ್ನುತ್ತದೆ. ಹೆಕ್ಟೇರಿಗೆ 175 ಮರ ಎಂದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ನಿಮ್ಮ ನೂರು ಮರಕ್ಕೆ ಒಂದು ಸಲಕ್ಕೆ 2,000 ಕಣಜ. ಒಂದು ಹುಳುವಿನಿಂದ ಎಂಟು ಕಣಜ ಅಂತ ಹಿಡಿದರೂ 250 ಹುಳು ಸಾಕು. ಅಷ್ಟು ಹುಳು ಒಂದೇ ಬೋಗುಣಿಯಲ್ಲಿ ಸಿಗುತ್ತದೆ. ಆರಂಭಕ್ಕೆ ಮೂವತ್ತು ಹೆಣ್ಣು ಕಣಜ ತಂದರೆ ಮೊದಲ ತಲೆಮಾರಿನಲ್ಲಿ ಇನ್ನೂರು ದಾಟುತ್ತದೆ, ಎರಡನೆಯದರಲ್ಲಿ ನಿಮಗೆ ಬೇಕಾದ ಎರಡು ಸಾವಿರದ ಹತ್ತಿರ. ಇದಕ್ಕೆ ಐದು ಆರು ವಾರ.

ಸುರುವಿಗೆ ಬೇಕಾದ ಕಣಜಕ್ಕೆ ನೀವು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಆ ಸಂಸ್ಥೆ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ್ದು. ಕಪ್ಪುತಲೆ ಹುಳುವಿನ ಕಣಜಗಳ ಮೇಲೆ ಅಲ್ಲಿ ದೊಡ್ಡ ಕೆಲಸ ನಡೆದಿದೆ. ಅಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಮೊದಲೇ ವಿಚಾರಿಸಿ, ಗುಂಪಿನ ಇಬ್ಬರು ಹೋಗಿ ಸಾಕುವುದನ್ನು ಕಣ್ಣಾರೆ ನೋಡಿ ಬನ್ನಿ. ಬೆಂಗಳೂರಿನ ಹೆಬ್ಬಾಳದ ಎನ್‌ಬಿಎಐಆರ್ (ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ) ಕೂಡ ಇಂಥ ಕೀಟಗಳ ಮೂಲ ತಳಿ ಕೊಡುತ್ತದೆ.

ಈಗ ನಾನು ಸುರುವಿನಲ್ಲಿ ಹೇಳಿದ ಎರಡನೇ ಕಷ್ಟ. ಕಪ್ಪುತಲೆ ಹುಳುವಿಗೆ ಒಂದು ವಿಚಿತ್ರ ಗುಣ ಇದೆ. ಒಂದು ತೋಟದಲ್ಲಿರುವ ಹುಳುಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಈ ವಾರ ಎಲ್ಲ ಮರಿಹುಳು ಆದರೆ ಇನ್ನು ಕೆಲವು ವಾರಕ್ಕೆ ಎಲ್ಲ ಕೋಶ, ಆಮೇಲೆ ಎಲ್ಲ ಪತಂಗ. ಒಂದು ಸುತ್ತಿಗೆ ಸುಮಾರು ಎರಡು ತಿಂಗಳು. ಗೋನಿಯೋಜಸಿಗೆ ಬೇಕಾದ್ದು ಅರ್ಧ ಬೆಳೆದ ಹುಳುವಿನಿಂದ ಪೂರ್ತಿ ಬೆಳೆದ ಹುಳುವಿನ ತನಕ ಮಾತ್ರ. ಕಣ್ಣಿಗೆ ಸರಿಯಾಗಿ ಕಾಣದ ಮರಿಯ ಮೇಲೆ ಅದು ಮೊಟ್ಟೆ ಇಡುವುದಿಲ್ಲ. ಕೋಶ ಅದಕ್ಕೆ ಬೇಡ. ನೀವು ಎರಡು ಸಾವಿರ ಕಣಜ ಬಿಟ್ಟ ದಿನ ಮರದ ಮೇಲೆ ಇರುವುದೆಲ್ಲ ಕೋಶವಾದರೆ ಕಣಜಕ್ಕೆ ಅಲ್ಲಿ ಏನೂ ಇಲ್ಲ. ಕಟ್ಟಿದ ಕೋಶಕ್ಕೆ ಬ್ರಾಕಿಮೇರಿಯಾ ಅನ್ನುವ ಬೇರೆ ಕಣಜ ಇದೆ, ಕೋಶ ಕಟ್ಟಲು ಹೊರಟ ಹುಳುವಿಗೆ ಎಲಾಸ್ಮಸ್ ಅಂತ ಮತ್ತೊಂದು. ಅವುಗಳನ್ನು ಮನೆಯಲ್ಲಿ ಬೆಳೆಸುವುದು ಕಷ್ಟ.

ಹಾಗಾಗಿ ಪ್ರತೀ ವಾರ, ತೋಟದ ಬೇರೆ ಬೇರೆ ಮೂಲೆಯ ಹತ್ತು ಮರದಿಂದ ಒಂದೊಂದು ಗರಿ ಕೊಯ್ದು, ಸುರಂಗ ಬಿಡಿಸಿ, ಹುಳು ಎಷ್ಟು, ಯಾವ ಗಾತ್ರ, ಕೋಶ ಎಷ್ಟು ಎಂದು ಪುಸ್ತಕದಲ್ಲಿ ಬರೆಯಿರಿ. ಪುಸ್ತಕದ ಲೆಕ್ಕದಲ್ಲಿ ಹುಳು ಅರ್ಧ ಬೆಳೆದ ಹಂತಕ್ಕೆ ಬಂದ ವಾರ ನಿಮ್ಮ ನಳಿಕೆಯ ಕಣಜ ತಯಾರಿರಬೇಕು. ಕಣಜ ಮುಂಚೆ ತಯಾರಾದರೆ ಜೇನು ಕೊಟ್ಟು ಕೆಲವು ದಿನ ಇಟ್ಟುಕೊಳ್ಳಬಹುದು. ತಡವಾದರೆ ಏನೂ ಮಾಡಲಾಗದು.

ಈ ಹುಳು ಏರುವುದು ಬೇಸಗೆಯಲ್ಲಿ, ಜನವರಿಯಿಂದ ಮೇ ತನಕ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ತಾನಾಗಿ ಇಳಿಯುತ್ತದೆ. ಹೀಗಾಗಿ ನಿಮ್ಮ ಪತಂಗದ ಬೋಗುಣಿ ಅಕ್ಟೋಬರ್ ಕೊನೆಗೆ ಸುರುವಾಗಲಿ. ಡಿಸೆಂಬರಿನಲ್ಲಿ ಹುಳು ಬಲಿಯುತ್ತದೆ, ಕಣಜ ತನ್ನಿ. ಜನವರಿ ಎರಡನೇ ಪಾಲಿಗೆ ಬಿಡಲು ಕಣಜ ಸಿಗುತ್ತದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ, ಪುಸ್ತಕದ ಲೆಕ್ಕ ನೋಡಿಕೊಂಡು ಬಿಡುತ್ತಾ ಹೋಗಿ. ಮಳೆಗಾಲದಲ್ಲಿ ನಮ್ಮ ತೇವಕ್ಕೆ ಬೋಗುಣಿಯಲ್ಲಿ ಬೂಸು ಬರುತ್ತದೆ. ಆ ತಿಂಗಳುಗಳಲ್ಲಿ ತಳಿ ಉಳಿಸಿಕೊಳ್ಳುವಷ್ಟು ಮಾತ್ರ ಸಾಕಿ.

ಬಿಡುವ ಮೊದಲು ತೀರಾ ಒಣಗಿದ ಅಡಿಯ ಮಡಲುಗಳನ್ನು ಕಡಿದು ತೆಗೆಯಿರಿ. ಕೂಡಲೇ ಸುಡಬೇಡಿ. ಕೆಲವು ಗರಿ ಬಿಡಿಸಿ ನೋಡಿ. ಹುಳುವಿನ ಪಕ್ಕ ಸಣ್ಣ ಸಣ್ಣ ಗೂಡುಗಳ ಗುಂಪು ಕಂಡರೆ ನಿಮ್ಮ ತೋಟದಲ್ಲಿ ಕಣಜ ಆಗಲೇ ಇದೆ. ಆ ಗರಿಗಳನ್ನು ಬೇರೆ ಇಟ್ಟು ಕಣಜ ಹೊರಡಲು ಬಿಡಿ, ಉಳಿದದ್ದನ್ನು ಸುಡಿ.

ಬಿಡುವ ಹಿಂದಿನ ದಿನ, ಹುಳು ತಿಂದ ಗರಿಯ ಹಿಕ್ಕೆ ನೂಲನ್ನು ಸ್ವಲ್ಪ ಕೆರೆದು ನಳಿಕೆಯೊಳಗೆ ಇಡಿ. ಕಣಜ ಹುಳುವನ್ನು ಹುಡುಕುವುದು ಈ ವಾಸನೆಯಿಂದ. ಮೊದಲೇ ವಾಸನೆ ಹಿಡಿದ ಕಣಜ ಬೇಗ ಹುಡುಕುತ್ತದೆ. ಇನ್ನು, ಮರ ಹತ್ತಿ ಕೊಬೆಯಲ್ಲಿ, ಅಂದರೆ ಮರದ ತುದಿಯಲ್ಲಿ, ಬಿಡಬೇಕು ಅಂತ ಹೆಚ್ಚಿನವರು ತಿಳಿದಿದ್ದಾರೆ. ಬೇಡ. ಅಲ್ಲಿ ಜೇಡ, ತಿಗಣೆ ಜಾತಿಯ ಬೇಟೆ ಕೀಟಗಳು ಕಾದಿರುತ್ತವೆ. ಬೆಳಗ್ಗೆ ಬಿಸಿಲು ಏರುವ ಮೊದಲು, ಕಾಂಡಕ್ಕೆ ನಳಿಕೆಯ ಬಾಯಿ ತಾಗಿಸಿ ಹಿಡಿದರೆ ಕಣಜ ತಾನಾಗಿ ಮೇಲೆ ಹೋಗುತ್ತದೆ. ಮರ ಹತ್ತುವವರನ್ನು ಕಾಯುವ ಕೆಲಸ ಇಲ್ಲ.

ಒಣಗಿದ ಗರಿ ಮತ್ತೆ ಹಸಿರಾಗುವುದಿಲ್ಲ. ತೆಂಗು ತಿಂಗಳಿಗೆ ಒಂದು ಮಡಲು ಬಿಡುತ್ತದೆ, ಅಷ್ಟೇ. ಹಾಗಾಗಿ ಕಣಜ ಕೆಲಸ ಮಾಡಿತಾ ಎಂದು ಕೆಳಗಿನ ಮಡಲು ನೋಡಿ ಹೇಳಲಾಗದು. ಹೊಸ ಮಡಲುಗಳ ಗರಿ ಅಡಿಯಲ್ಲಿ ಸುರಂಗ ಹೊಸತಾಗಿ ಬಂದಿದೆಯಾ, ಬಂದ ಸುರಂಗದಲ್ಲಿ ಜೀವಂತ ಹುಳು ಇದೆಯಾ, ಕಣಜದ ಗೂಡು ಇದೆಯಾ ಎಂದು ನೋಡಿ.

ಔಷಧಿಯ ಮಾತು ಬಾರದೆ ಇರುವುದಿಲ್ಲ. ಎಣ್ಮಕಜೆ, ಪಡ್ರೆ ಕಡೆಯವರಿಗೆ ಸಿಂಪಡಣೆ ಅಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇದೇ ಜಿಲ್ಲೆಯಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಮೇಲೆ ದೇಶದಲ್ಲೇ ಅದು ನಿಂತಿತು. ನೀವು ಕಣಜ ಬಿಟ್ಟ ತೋಟದಲ್ಲಿ ಯಾವ ಕೀಟನಾಶಕವನ್ನೂ ಹೊಡೆಯುವಂತಿಲ್ಲ. ಹೊಡೆದಿದ್ದರೆ ಕನಿಷ್ಠ ಮೂರು ವಾರ ಕಾದು ಬಿಡಬೇಕು. ಪಕ್ಕದ ತೋಟದವರು ಹೊಡೆದರೆ ಗಾಳಿಗೆ ಬಂದು ನಿಮ್ಮ ಕಣಜ ಸಾಯುತ್ತದೆ. ಅವರ ಮರದಲ್ಲಿ ಹುಳು ಹಾಗೇ ಉಳಿದರೂ ಪತಂಗ ನಿಮ್ಮ ಮರಕ್ಕೇ ಬರುತ್ತದೆ. ಆದ್ದರಿಂದ ಒಬ್ಬರ ತೋಟಕ್ಕೆ ಎಂದು ಸಾಕಬೇಡಿ. ಗುಂಪಿನವರ, ಅಕ್ಕಪಕ್ಕದವರ ತೋಟ ಸೇರಿಸಿ ಒಂದೇ ದಿನ ಬಿಡಿ. ನೆರೆಯವರ ಹತ್ತಿರ ಕೂತು ಮಾತಾಡುವುದು ಬೋಗುಣಿ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ.

ಮಕ್ಕಳ ಬಗ್ಗೆ ಹೆದರಬೇಡಿ. ಇದು ಗುಂಪಾಗಿ ಗೂಡು ಕಟ್ಟಿ ಮನುಷ್ಯರ ಮೇಲೆ ಎರಗುವ ಜಾತಿಯ ಕಣಜ ಅಲ್ಲ. ಜೇನಿಗೂ ತೊಂದರೆ ಇಲ್ಲ, ಗೋನಿಯೋಜಸ್ ಜೇನುನೊಣದ ಮೇಲೆ, ಅದರ ಮರಿಯ ಮೇಲೆ ಮೊಟ್ಟೆ ಇಡುವುದಿಲ್ಲ. ಪೆಟ್ಟಿಗೆಗೆ ಹೊಕ್ಕು ಎರಿ ತಿನ್ನುವ ಮೇಣದ ಪತಂಗದ ಹುಳುವನ್ನು ಈ ಕಣಜಕ್ಕೆ ಆಹಾರವಾಗಿ ಕೊಟ್ಟು ಸಾಕುವವರೂ ಇದ್ದಾರೆ. ನಿಮ್ಮ ಪೆಟ್ಟಿಗೆಯಲ್ಲಿ ಅದು ಸಿಕ್ಕಿದರೆ ಬಿಸಾಡದೆ ಒಂದೆರಡನ್ನು ನಳಿಕೆಗೆ ಹಾಕಿ ನೋಡಿ.

ಗೇರಿನ ಟೀ ಸೊಳ್ಳೆಗೆ ಇದು ಆಗುವುದಿಲ್ಲ. ಅದು ರಸ ಹೀರುವ ತಿಗಣೆ, ಗೋನಿಯೋಜಸಿಗೆ ಬೇಕಾದ್ದು ಪತಂಗದ ಹುಳು. ಟೀ ಸೊಳ್ಳೆಯ ಮೊಟ್ಟೆಯಲ್ಲಿ ಬೆಳೆಯುವ ಸಣ್ಣ ಕಣಜಗಳಿವೆ. ಆದರೆ ಟೀ ಸೊಳ್ಳೆ ಎಳೆ ಚಿಗುರಿನ ಒಳಗೆ ಮೊಟ್ಟೆ ಹುದುಗಿಸಿ ಇಡುವುದರಿಂದ ಅವುಗಳನ್ನು ಮನೆಯಲ್ಲಿ ಸಾಕುವುದು ನಡೆಯದ ಮಾತು. ಗೇರಿನ ಮರದಲ್ಲಿ ಎಲೆ ಸೇರಿಸಿ ಗೂಡು ಕಟ್ಟುವ ಕೆಂಪಿರುವೆ ಇದ್ದರೆ ಸುಡದೆ ಬಿಡಿ. ಕೊಯ್ಲಿನ ಹೊತ್ತಿಗೆ ಕಚ್ಚುತ್ತದೆ ನಿಜ, ಆದರೆ ಅದು ಇರುವ ಮರದಲ್ಲಿ ಟೀ ಸೊಳ್ಳೆ ಕಡಿಮೆ.

ಆದಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಮೊದಲ ವರ್ಷ ಮಾರುವ ಯೋಚನೆ ಬೇಡ, ಸಾಲವಂತೂ ಬೇಡವೇ ಬೇಡ. ಕಣಜಕ್ಕೆ ಗಿರಾಕಿ ಇರುವುದು ವರ್ಷದಲ್ಲಿ ನಾಲ್ಕೈದು ತಿಂಗಳು. ಜೀವ ಇರುವ ವಸ್ತು, ಕಪಾಟಿನಲ್ಲಿ ಇಟ್ಟು ಮಾರಲಾಗದು. ನಿಮ್ಮ ಗುಂಪಿನ ತೋಟಗಳಿಗೆ ಒಂದು ಬೇಸಗೆ ಸರಿಯಾಗಿ ಬಿಟ್ಟು ನೋಡಿ. ಗರಿ ಎಣಿಸಿದ ಪುಸ್ತಕ ನಿಮ್ಮ ಕೈಯಲ್ಲಿದ್ದರೆ ಎರಡನೇ ವರ್ಷ ಕೃಷಿ ಭವನಕ್ಕೆ ಹೋಗಿ ಪಂಚಾಯತಿನ ಇತರ ತೋಟಗಳಿಗೂ ಕೊಡುತ್ತೇವೆ ಎಂದು ಕೇಳಬಹುದು. ಮಾರುವಾಗ ಕಣಜ ಮಾತ್ರ ಮಾರಬೇಡಿ. ಹೋಗಿ ಗರಿ ನೋಡಿ, ಹುಳುವಿನ ಹಂತ ನೋಡಿ, ಯಾವ ವಾರ ಬಿಡಬೇಕು ಎಂದು ಹೇಳಿ, ನೀವೇ ಬಿಟ್ಟು ಬನ್ನಿ. ಆ ಕೆಲಸಕ್ಕೂ ಸೇರಿಸಿ ಕೂಲಿ ಇಡಿ.